ಗಿಟಾರ್ ಕಲಿಯೋದು ಎಲ್ಲಿ? ಮ್ಯೂಸಿಕ್ ಸ್ಕೂಲಾ, ಮೇಷ್ಟ್ರ ಮನೆಯಾ, ಮೊಬೈಲಾ?

ನಮ್ಮ ಮನೆಯಲ್ಲಿ ಎರಡು ಗಿಟಾರ್ ಇವೆ. ಒಂದು ನನ್ನದು, ಸ್ಟೀಲ್ ತಂತಿಯದು. ಇನ್ನೊಂದು ಮಗನದು, ನೈಲಾನ್ ತಂತಿಯ ಮುಕ್ಕಾಲು ಸೈಜಿನದು. ನಾಲ್ಕು ವರ್ಷದಲ್ಲಿ ನಾನು ಮೂರು ಕಡೆ ಕಲಿತೆ. ಮೊದಲು ಎಂಟು ತಿಂಗಳು ಯೂಟ್ಯೂಬ್, ಆಮೇಲೆ ಒಂದು ಮ್ಯೂಸಿಕ್ ಸ್ಕೂಲು, ಈಗ ಎರಡು ಬೀದಿ ಆಚೆ ಇರುವ ಮೇಷ್ಟ್ರ ಮನೆ. ಮಗ ಇವತ್ತಿಗೂ ಸ್ಕೂಲಿಗೇ ಹೋಗುತ್ತಾನೆ, ಖುಷಿಯಾಗಿದ್ದಾನೆ. ಹಾಗಾಗಿ ಲಿಫ್ಟಲ್ಲಿ ಯಾರಾದರೂ "ಮಗಳನ್ನ ಗಿಟಾರಿಗೆ ಹಾಕಬೇಕು ಅಂತಿದೀವಿ, ಯಾವ ಸ್ಕೂಲ್ ಒಳ್ಳೇದು?" ಅಂತ ಕೇಳಿದರೆ ನೆಲಮಹಡಿ ಬರುವುದರೊಳಗೆ ಹೇಳಿ ಮುಗಿಸೋಕೆ ನನಗೆ ಆಗುವುದಿಲ್ಲ.

ಯಾಕೆಂದರೆ ಪ್ರಶ್ನೆಯೇ ಸ್ವಲ್ಪ ಆಚೀಚೆ ಇದೆ. ವಾರಕ್ಕೆ 168 ಗಂಟೆ. ಕ್ಲಾಸು ಅದರಲ್ಲಿ ಒಂದೇ ಗಂಟೆ, ಕೆಲವು ಕಡೆ ಮುಕ್ಕಾಲು ಗಂಟೆ. ಗಿಟಾರ್ ಬರುವುದು ಆ ಒಂದು ಗಂಟೆಯಲ್ಲಿ ಅಲ್ಲ, ಮಿಕ್ಕ ಆರು ದಿನದಲ್ಲಿ. ಸೋಮವಾರ ರಾತ್ರಿ ಊಟ ಆದಮೇಲೆ ನೀವು ಗಿಟಾರ್ ಕೈಗೆ ತೆಗೆದುಕೊಂಡರೆ, ಏನು ನುಡಿಸಬೇಕು ಅಂತ ನಿಮಗೆ ಗೊತ್ತಿರಬೇಕು. ತಪ್ಪು ನುಡಿಸಿದರೆ ಬೇಗ ಯಾರಾದರೂ ಹಿಡಿಯಬೇಕು. ಯಾವ ದಾರಿ ಈ ಎರಡನ್ನೂ ನಿಮಗೆ ಮಾಡಿಕೊಡುತ್ತದೋ ಅದು ನಿಮಗೆ ಒಳ್ಳೇದು. ಸ್ಕೂಲಿನ ಎಸಿ, ಗೋಡೆಯ ಮೇಲೆ ನೇತು ಹಾಕಿರುವ ಎಲೆಕ್ಟ್ರಿಕ್ ಗಿಟಾರುಗಳು, ರಿಸೆಪ್ಷನ್‌ನಲ್ಲಿ ಕೊಡುವ ಬ್ರೋಷರ್ ಎಲ್ಲ ಆಮೇಲೆ.

ಮೊಬೈಲ್ ನೋಡಿ ಕಲಿಯುವುದು

ಖರ್ಚಿಲ್ಲದ ದಾರಿಯಿಂದಲೇ ಶುರು ಮಾಡೋಣ. ಇದನ್ನು ಹಗುರವಾಗಿ ತೆಗೆದುಕೊಳ್ಳುವವರು ಜಾಸ್ತಿ. ಆದರೆ ಜಸ್ಟಿನ್ ಸ್ಯಾಂಡರ್ಕೋ ಎಂಬ ಮೇಷ್ಟ್ರು 2003ರಿಂದ ನಡೆಸುತ್ತಿರುವ ಜಸ್ಟಿನ್‌ಗಿಟಾರ್ ಎಷ್ಟೋ ಸ್ಕೂಲುಗಳ ಪಾಠಕ್ಕಿಂತ ಚೆನ್ನಾಗಿ ಜೋಡಿಸಿದ ಪಾಠ. ಮೊದಲ ಪಾಠದಿಂದ ಕೊನೆಯವರೆಗೆ ಒಂದು ಕ್ರಮ ಇದೆ, ಹೆಚ್ಚಿನದೆಲ್ಲ ಪುಕ್ಕಟೆ. ಯೂಟ್ಯೂಬಲ್ಲಿ ಕನ್ನಡದಲ್ಲಿ ಹೇಳಿಕೊಡುವವರೂ ಇದ್ದಾರೆ. ಆದರೆ ಅಲ್ಲಿ ಸಿಗುವುದರಲ್ಲಿ ಬಹುಪಾಲು "ಈ ಹಾಡಿಗೆ ಈ ಕಾರ್ಡ್" ಅನ್ನುವ ಬಿಡಿ ವಿಡಿಯೋ. (ಕಾರ್ಡ್ ಅಂದರೆ ಒಟ್ಟಿಗೆ ಮೀಟುವ ಕೆಲವು ಸ್ವರಗಳ ಗುಂಪು.) ಒಂದು ಹಾಡು ಬರುತ್ತದೆ, ಎರಡನೇದು ಬರುತ್ತದೆ, ಮೂರನೇದರಲ್ಲಿ ಗಾಡಿ ನಿಲ್ಲುತ್ತದೆ.

ನನ್ನ ಗಾಡಿ ನಿಂತಿದ್ದು ಸಿ ಕಾರ್ಡಿನಲ್ಲಿ. ಐದನೇ ತಂತಿಯ ಮೂರನೇ ಮನೆಯಲ್ಲಿ (ಮನೆ ಅಂದರೆ ಫ್ರೆಟ್ ಅನ್ನುವ ಅಡ್ಡ ಪಟ್ಟಿಗಳ ನಡುವಿನ ಜಾಗ) ಉಂಗುರ ಬೆರಳು, ನಾಲ್ಕನೇ ತಂತಿಯ ಎರಡನೇ ಮನೆಯಲ್ಲಿ ನಡುಬೆರಳು, ಎರಡನೇ ತಂತಿಯ ಮೊದಲ ಮನೆಯಲ್ಲಿ ತೋರುಬೆರಳು. ಚಿತ್ರದಲ್ಲಿ ಇರುವ ಹಾಗೇ ಇಡುತ್ತಿದ್ದೆ. ಆದರೂ ಕೆಳಗಿನ ಒಂದನೇ ತಂತಿ ಮಾತ್ರ "ಟಪ್" ಅಂತ ಸತ್ತ ಸದ್ದು ಮಾಡುತ್ತಿತ್ತು. ನನ್ನ ಬೆರಳು ದಪ್ಪ ಅಂದುಕೊಂಡೆ. ಗಿಟಾರ್ ಸರಿ ಇಲ್ಲ ಅಂದುಕೊಂಡೆ. ಎಂಟು ತಿಂಗಳು ಹಾಗೇ ಹೊರಟಿತು. ಮ್ಯೂಸಿಕ್ ಸ್ಕೂಲಿನ ಮೊದಲ ದಿನ ಅಲ್ಲಿನ ಹುಡುಗ ಮೇಷ್ಟ್ರು, ಇಪ್ಪತ್ತೈದು ವಯಸ್ಸಿರಬೇಕು, ನನ್ನ ಕೈ ನೋಡಿ ಒಂದು ಮಾತೂ ಆಡಲಿಲ್ಲ. ನೆಕ್ಕಿನ, ಅಂದರೆ ಗಿಟಾರಿನ ಉದ್ದನೆಯ ಕತ್ತಿನ, ಮೇಲಿಂದ ಆಚೆ ಇಣುಕುತ್ತಿದ್ದ ನನ್ನ ಹೆಬ್ಬೆರಳನ್ನು ಹಿಡಿದು ಕೆಳಗೆ, ನೆಕ್ಕಿನ ಹಿಂಬದಿಗೆ ಇಳಿಸಿದರು. ಅಷ್ಟೇ. ಅಂಗೈ ತೆರೆಯಿತು, ಮಲಗಿದ್ದ ತೋರುಬೆರಳು ತುದಿಯ ಮೇಲೆ ಎದ್ದು ನಿಂತಿತು, ಒಂದನೇ ತಂತಿ ಬಾಯಿಬಿಟ್ಟಿತು. ಹತ್ತು ಸೆಕೆಂಡಿನ ಕೆಲಸ.

ಹಾಡ್ತಾ ಹಾಡ್ತಾ ರಾಗ ಅನ್ನುತ್ತಾರೆ. ತಪ್ಪನ್ನೇ ಹಾಡ್ತಾ ಹೋದರೆ ಅದೂ ರಾಗ ಆಗಿಬಿಡುತ್ತದೆ. ಹೆಬ್ಬೆರಳು ಮೇಲಕ್ಕೆ ಹೋಗುವ ನನ್ನ ಚಾಳಿ ಪೂರ್ತಿ ಬಿಡಲು ಮತ್ತೆ ನಾಲ್ಕು ತಿಂಗಳು ಬೇಕಾಯಿತು. ಯೂಟ್ಯೂಬಿನ ದೊಡ್ಡ ಕೊರತೆ ಇದೊಂದೇ. ಅದು ತೋರಿಸುತ್ತದೆ, ನಿಮ್ಮನ್ನು ನೋಡುವುದಿಲ್ಲ. ಯೂಸಿಷಿಯನ್‌ನಂಥ ಆ್ಯಪ್‌ಗಳು ಒಂದು ಹೆಜ್ಜೆ ಮುಂದೆ. ಮೊಬೈಲಿನ ಮೈಕಿನಿಂದ ಕೇಳಿಸಿಕೊಂಡು ಸ್ವರ ಸರಿಯೋ ತಪ್ಪೋ, ತಾಳಕ್ಕೆ ಬಿತ್ತೋ ಇಲ್ಲವೋ ಹೇಳುತ್ತವೆ. ತಾಳ ಗಟ್ಟಿಯಾಗಲು ಇದು ನಿಜಕ್ಕೂ ಒಳ್ಳೇದು. ಆದರೆ ಮಣಿಕಟ್ಟು ಎಷ್ಟು ಬಾಗಿದೆ, ಭುಜ ಯಾಕೆ ಎತ್ತಿಕೊಂಡಿದ್ದೀರಿ ಅಂತ ಮೈಕಿಗೆ ಕೇಳಿಸುವುದಿಲ್ಲವಲ್ಲ.

ಹಾಗಂತ ಬೇಡ ಅನ್ನುವುದಿಲ್ಲ. ಕಲಿಯುವ ಆಸೆ ನಿಜವೋ ಸುಮ್ನೆ ಬಂದು ಹೋಗುವಂಥದ್ದೋ ಗೊತ್ತಿಲ್ಲದ ದೊಡ್ಡವರಿಗೆ ಮೊದಲ ಎರಡು ತಿಂಗಳು ಇದೇ ಸರಿ. ಆಂಡಿ ಮೂನಿ ಫೆಂಡರ್ ಗಿಟಾರ್ ಕಂಪನಿಯ ಸಿಇಒ ಆಗಿದ್ದಾಗ, ಹೊಸದಾಗಿ ಶುರು ಮಾಡುವವರಲ್ಲಿ ನೂರಕ್ಕೆ 90 ಜನ ಮೊದಲ ವರ್ಷದಲ್ಲೇ ಬಿಟ್ಟುಬಿಡುತ್ತಾರೆ ಅಂತ ಪತ್ರಿಕೆಗಳಿಗೆ ಹೇಳಿದ್ದರು. ಗಿಟಾರ್ ಮಾರುವವರೇ ಹೀಗೆ ಹೇಳಿದರೆ ನಂಬಬೇಕು. ಎರಡು ತಿಂಗಳು ಯೂಟ್ಯೂಬ್ ನೋಡಿ, ಬೆರಳ ತುದಿ ನೊಂದು, ಚರ್ಮ ಗಟ್ಟಿಯಾಗಿ, ಆಮೇಲೂ ಗಿಟಾರ್ ಕೈಗೆ ಬರುತ್ತಿದೆ ಅಂದರೆ ಫೀಸ್ ಕಟ್ಟಬಹುದು. ಬೆರಳ ನೋವು ಮೂರು ನಾಲ್ಕು ವಾರದ್ದು. ಅದಕ್ಕೆ ಹೆದರಬೇಡಿ.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ಈ ದಾರಿ ಹೇಳುವುದಿಲ್ಲ. ಹತ್ತು ವರ್ಷದ ಹುಡುಗನ ಕೈಗೆ ಪಾಠಕ್ಕೆ ಅಂತ ಟ್ಯಾಬ್ ಕೊಟ್ಟರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಮ್ಯೂಸಿಕ್ ಸ್ಕೂಲು

ಸ್ಕೂಲು ಅಂದರೆ ಎಲ್ಲವೂ ಒಂದೇ ಥರ ಇರುವುದಿಲ್ಲ. ಬೆಂಗಳೂರನ್ನೇ ತೆಗೆದುಕೊಳ್ಳಿ. ಆರ್.ಟಿ. ನಗರದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ 1987ರಲ್ಲಿ ಅರುಣಾ ಸುಂದರಲಾಲ್ ಅವರು ಶುರು ಮಾಡಿದ್ದು. ಅದರ ಬೇರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ. ಟಾಕಾಡೆಮಿ ಇನ್ನೊಂದು ಬಗೆ. ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನುವ ಬೆಂಗಳೂರಿನದೇ ರಾಕ್ ಬ್ಯಾಂಡಿನವರು ಕಟ್ಟಿದ್ದು. ಒಂದು ಕಡೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗಾಲನ್ನು ಪುಟ್ಟ ಮಣೆಯ ಮೇಲಿಟ್ಟು ನೊಟೇಷನ್, ಅಂದರೆ ಬರೆದ ಸ್ವರ, ನೋಡಿ ನುಡಿಸುವ ಸಂಪ್ರದಾಯ. ಇನ್ನೊಂದು ಕಡೆ ಬ್ಯಾಂಡಿನ ಜತೆ ಸೇರಿ ನುಡಿಸುವ ಸಂಪ್ರದಾಯ. ಇವೆರಡರ ನಡುವೆ ಪ್ರತಿ ಬಡಾವಣೆಯಲ್ಲೂ ಮೊದಲ ಮಹಡಿಯಲ್ಲಿ, ಕೆಳಗೆ ಬೇಕರಿ, ಮೇಲೆ ಟ್ಯೂಷನ್ ಸೆಂಟರ್ ಇರುವ ಬಿಲ್ಡಿಂಗಿನಲ್ಲಿ ಒಂದು ಮ್ಯೂಸಿಕ್ ಅಕಾಡೆಮಿ. ಕೀಬೋರ್ಡ್, ಡ್ರಮ್ಸ್, ಗಿಟಾರ್, ಜತೆಗೆ ಬೇಸಿಗೆಯಲ್ಲಿ ಡ್ರಾಯಿಂಗು, ಚೆಸ್ಸು. ನಮ್ಮಲ್ಲಿ ಹೆಚ್ಚಿನವರು ಸೇರುವುದು ಈ ಮೂರನೇದಕ್ಕೇ, ಯಾಕೆಂದರೆ ಸಂಜೆ ಆರು ಗಂಟೆಗೆ ಅಲ್ಲಿಗೆ ನಡೆದು ಹೋಗಬಹುದು. ಇದು ಸಣ್ಣ ಕಾರಣ ಅಲ್ಲ. ಬೆಂಗಳೂರಲ್ಲಿ ನಡೆದು ಹೋಗುವಷ್ಟು ಹತ್ತಿರ ಇರುವ ಸಾಧಾರಣ ಸ್ಕೂಲು, ಸಿಲ್ಕ್ ಬೋರ್ಡ್ ದಾಟಿ ಹೋಗಬೇಕಾದ ಅತ್ಯುತ್ತಮ ಸ್ಕೂಲಿಗಿಂತ ಮೇಲು. ಮೂರನೇ ತಿಂಗಳಿಗೆ ಇದು ಅರ್ಥ ಆಗುತ್ತದೆ.

ಸೇರುವ ಮುಂಚೆ ಒಂದು ಲೆಕ್ಕ ಹಾಕಿ. ಗ್ರೂಪ್ ಕ್ಲಾಸಲ್ಲಿ ಐದು ಮಕ್ಕಳು, 45 ನಿಮಿಷ. ತಲೆಗೆ ಒಂಬತ್ತು ನಿಮಿಷ. ಆ 45 ನಿಮಿಷದಲ್ಲೇ ಮೇಷ್ಟ್ರು ಐದು ಗಿಟಾರುಗಳ ಶ್ರುತಿಯನ್ನೂ ಸರಿ ಮಾಡಬೇಕು. ಮಕ್ಕಳಿಗೆ ಕಿವಿ ಪಳಗುವವರೆಗೆ ಅದಕ್ಕೇ ಹತ್ತು ನಿಮಿಷ ಹೋಗುತ್ತದೆ. ಒಬ್ಬರಿಗೇ ಹೇಳಿಕೊಡುವ ಕ್ಲಾಸ್ ಬೇಕು ಅಂದರೆ ಫೀಸು ಹೆಚ್ಚುಕಮ್ಮಿ ದುಪ್ಪಟ್ಟು. ನಾನು ನಮ್ಮ ಕಡೆ ವಿಚಾರಿಸಿದಾಗ ಗ್ರೂಪಿಗೆ ತಿಂಗಳಿಗೆ ಎರಡೂವರೆ ಸಾವಿರ, ಒಬ್ಬರಿಗೇ ಆದರೆ ಐದು ಸಾವಿರದ ಆಸುಪಾಸು ಹೇಳಿದ್ದರು, ತಿಂಗಳಿಗೆ ನಾಲ್ಕು ಕ್ಲಾಸಿಗೆ. ದೊಡ್ಡವರಾದರೆ ದುಡ್ಡು ಕೊಟ್ಟು ಒಬ್ಬರೇ ಕಲಿಯಿರಿ. ಎಂಟು ವರ್ಷದ ಮಗುವಿನ ಪಕ್ಕ ಕೂತು "ಹ್ಯಾಪಿ ಬರ್ತ್‌ಡೇ" ನುಡಿಸಿ, ಆ ಮಗು ನಿಮಗಿಂತ ಮುಂಚೆ ಮುಗಿಸಿ ನಿಮ್ಮ ಮುಖ ನೋಡುವ ಸುಖ ನನಗೆ ಸಿಕ್ಕಿದೆ. ನಿಮಗೆ ಬೇಡ.

ಆದರೆ ಮಕ್ಕಳಿಗೆ ಗ್ರೂಪೇ ಚೆಂದ. ಇದನ್ನು ನಾನು ಮಗನನ್ನು ನೋಡಿ ಕಲಿತೆ. ಅವನಿಗೆ ಗಿಟಾರಿನ ಮೇಲೆ ಇರುವಷ್ಟೇ ಪ್ರೀತಿ ಅಲ್ಲಿಗೆ ಬರುವ ಇನ್ನಿಬ್ಬರು ಹುಡುಗರ ಮೇಲೂ ಇದೆ. ಅವರು ಜಿ ಕಾರ್ಡಿನಿಂದ ಡಿ ಕಾರ್ಡಿಗೆ ನಿಲ್ಲದೆ ದಾಟಿದರು ಅಂದರೆ ಇವನಿಗೆ ಆ ವಾರ ನಿದ್ದೆ ಇಲ್ಲ. ವರ್ಷಕ್ಕೊಮ್ಮೆ ಸ್ಕೂಲಿನ ಕಾರ್ಯಕ್ರಮ. ಡ್ರಮ್ಸ್ ಹುಡುಗಿ, ಕೀಬೋರ್ಡ್ ಹುಡುಗ, ಇವನ ಗಿಟಾರು ಸೇರಿ ಒಂದು ಹಾಡು. ಒಬ್ಬ ತಾಳ ತಪ್ಪಿದರೂ ನಿಲ್ಲದೆ ಮುಂದೆ ಹೋಗುವುದನ್ನು ಮನೆಯಲ್ಲಿ ಒಬ್ಬನೇ ಕೂತು ಕಲಿಯಲು ಆಗುವುದಿಲ್ಲ. ಸ್ಕೂಲು ಮಾತ್ರ ಕೊಡಬಲ್ಲದ್ದು ಇದು. ಹಾಗಾಗಿ ಸ್ಕೂಲಿಗೆ ಸೇರಿಸುವುದಾದರೆ ಇದನ್ನೇ ಕೇಳಿ: ಮಕ್ಕಳು ಒಟ್ಟಿಗೆ ನುಡಿಸುತ್ತಾರಾ, ಎಷ್ಟು ದಿನಕ್ಕೊಮ್ಮೆ? "ಆನುಯಲ್ ಡೇ ಇದೆ" ಅಂದರೆ ಅರ್ಧ ಉತ್ತರ. ತಿಂಗಳಿಗೊಮ್ಮೆಯಾದರೂ ಒಟ್ಟಿಗೆ ಕೂರಿಸುವ ಸ್ಕೂಲು ಸಿಕ್ಕಿದರೆ ಬಿಡಬೇಡಿ.

ಸ್ಕೂಲಿನಲ್ಲಿ ನನ್ನ ಅನುಭವ ಕೆಟ್ಟಿದ್ದು ಬೇರೆ ಕಾರಣಕ್ಕೆ. ಆರು ತಿಂಗಳ ಫೀಸು ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಫ್ರೀ ಅಂದರು. ಕಟ್ಟಿದೆ. ಹೆಬ್ಬೆರಳು ಇಳಿಸಿದ ಆ ಹುಡುಗ ಮೇಷ್ಟ್ರು ಎರಡನೇ ತಿಂಗಳ ಕೊನೆಗೆ ಕೆಲಸ ಬಿಟ್ಟರು. ಆಮೇಲೆ ಬಂದವರು ಪಿಕ್ (ತಂತಿ ಮೀಟುವ ಪುಟ್ಟ ತುಂಡು) ಹಿಡಿಯುವ ರೀತಿ ಬದಲಾಯಿಸಿದರು. ಅವರೂ ಹೋಗಿ ಮೂರನೆಯವರು ಬಂದರು. "ಎಲ್ಲಿವರೆಗೆ ಆಗಿದೆ?" ಅಂತ ಕೇಳಿದರು. ಮೂರು ಸಲ ನಾನು ಮೊದಲಿಂದ ಶುರು ಮಾಡಿದೆ. ದುಡ್ಡು ವಾಪಸ್ ಕೇಳಿದರೆ ರಸೀದಿಯ ಹಿಂಭಾಗದಲ್ಲಿದ್ದ ಸಣ್ಣ ಅಕ್ಷರ ತೋರಿಸಿದರು. ತಪ್ಪು ನನ್ನದೂ ಇದೆ, ಓದಿರಲಿಲ್ಲ. ಅವತ್ತಿಂದ ನನ್ನ ನಿಯಮ: ಮೊದಲ ಮೂರು ತಿಂಗಳು ತಿಂಗಳಿಗೆ ತಿಂಗಳು ಕಟ್ಟುವುದು, ರಿಯಾಯಿತಿ ಹೋದರೆ ಹೋಗಲಿ. ಆಮೇಲೆ "ಸರ್ ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ?" ಅಂತ ರಿಸೆಪ್ಷನಿಸ್ಟ್ ಹತ್ತಿರ ಅಲ್ಲ, ಹೊರಗೆ ಕಾಯುತ್ತಿರುವ ತಾಯಂದಿರ ಹತ್ತಿರ ಕೇಳುವುದು. ಅವರಿಗೆ ಎಲ್ಲ ಗೊತ್ತಿರುತ್ತದೆ.

ಮೇಷ್ಟ್ರ ಮನೆ, ಮನೆಗೆ ಬರುವ ಮೇಷ್ಟ್ರು

ಈಗ ನಾನು ಹೋಗುವುದು ಒಬ್ಬ ನಿವೃತ್ತ ಬ್ಯಾಂಕ್ ನೌಕರರ ಮನೆಗೆ. ಯೌವನದಲ್ಲಿ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವರು. ಹಾಲಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಳಗೆ ಕುಕ್ಕರ್ ವಿಷಲ್. ವಿಷಲ್ ಬಂದರೆ "ಇದು ಯಾವ ಸ್ವರ ಹೇಳಿ" ಅನ್ನುತ್ತಾರೆ. ನನಗೆ ಇನ್ನೂ ಗೊತ್ತಾಗಿಲ್ಲ. ಅವರ ಹತ್ತಿರ ಬ್ರೋಷರ್ ಇಲ್ಲ, ಸಿಲಬಸ್ ಅಂತ ಕೂಡ ಇಲ್ಲ. ಆದರೆ ಪ್ರತಿ ವಾರ ನನ್ನ ನೋಟ್‌ಬುಕ್ಕಿನಲ್ಲಿ ತಾವೇ ಮೂರು ಸಾಲು ಬರೆಯುತ್ತಾರೆ. ಹೋದ ವಾರ ಬರೆದಿದ್ದು: "ಎ ಮೈನರಿಂದ ಎಫ್, ನಿಮಿಷಕ್ಕೆ 30 ಸಲ ಆಗಲಿ. ಮೆಟ್ರೊನೋಮ್ 60. ಎಡಗೈ ಬಿಗಿ ಬೇಡ." (ಮೆಟ್ರೊನೋಮ್ ಅಂದರೆ ಟಕ್ ಟಕ್ ಅಂತ ತಾಳ ಹಾಕುವ ಯಂತ್ರ, 60 ಅಂದರೆ ನಿಮಿಷಕ್ಕೆ ಅಷ್ಟು ಬಡಿತ.) ಸೋಮವಾರ ರಾತ್ರಿ ಗಿಟಾರ್ ತೆಗೆದಾಗ ನನಗೆ ಬೇಕಾಗಿರುವುದು ಈ ಮೂರು ಸಾಲು. ಸ್ಕೂಲಿನ ಹೊಳೆಯುವ ಪುಸ್ತಕದಲ್ಲಿ ಇದು ಇರಲಿಲ್ಲ.

ಎಫ್ ಕಾರ್ಡಿನ ಬಗ್ಗೆ ಒಂದು ಮಾತು. ತೋರುಬೆರಳೊಂದೇ ಆರೂ ತಂತಿಯನ್ನು ಅಡ್ಡಲಾಗಿ ಒತ್ತಬೇಕಾದ ಮೊದಲ ಕಾರ್ಡ್ ಇದು. ಗಿಟಾರ್ ಬಿಡುವ ಎಷ್ಟೋ ಜನ ಬಿಡುವುದು ಇಲ್ಲಿಯೇ. ಒಬ್ಬ ಮೇಷ್ಟ್ರು ಒಳ್ಳೆಯವರೋ ಅಲ್ಲವೋ ಅನ್ನುವುದು ಎಫ್ ಹೇಗೆ ಹೇಳಿಕೊಡುತ್ತಾರೆ ಅನ್ನುವುದರಲ್ಲಿ ತಿಳಿಯುತ್ತದೆ. ಸ್ಕೂಲಲ್ಲಿ ನನಗೆ "ಇನ್ನೂ ಜೋರಾಗಿ ಒತ್ತಿ" ಅಂದಿದ್ದರು. ಈ ಮೇಷ್ಟ್ರು ಒತ್ತಬೇಡಿ ಅಂದರು. ಬೆರಳನ್ನು ಚೂರು ಹೊರಳಿಸಿ ಅದರ ಪಕ್ಕದ ಮೂಳೆಯ ಅಂಚು ತಂತಿಗೆ ತಾಗುವ ಹಾಗೆ ಮಾಡಿದರು. ಮೊಣಕೈಯನ್ನು ಮೈಗೆ ಹತ್ತಿರ ತಂದರು. ಮೊದಲ ತಿಂಗಳು ಮೇಲಿನ ಎರಡು ದಪ್ಪ ತಂತಿ ಬಿಟ್ಟು, ಕೆಳಗಿನ ನಾಲ್ಕು ತಂತಿಯ ಸಣ್ಣ ಎಫ್ ಸಾಕು ಅಂದರು. ಅದನ್ನೇ ಇಟ್ಟುಕೊಂಡು ಹಾಡು ನುಡಿಸಿದೆವು. ದೊಡ್ಡ ಎಫ್ ಯಾವಾಗ ಬಂತು ಅಂತ ನನಗೇ ಗೊತ್ತಾಗಲಿಲ್ಲ.

ಇನ್ನು ತೊಂದರೆಗಳು. ಮೇಷ್ಟ್ರಿಗೆ ಬರುವ ಶೈಲಿಯೇ ನಿಮ್ಮ ಶೈಲಿ ಆಗುತ್ತದೆ. ನಮ್ಮ ಸರ್‌ಗೆ ಹಳೇ ಸಿನಿಮಾ ಹಾಡು, ಭಾವಗೀತೆಗೆ ಕಾರ್ಡ್ ಕೂರಿಸುವುದು ಬೆಣ್ಣೆ ತಿಂದಷ್ಟು ಸುಲಭ. ಮೆಟಲ್ ಕೇಳಿದರೆ ಕೈ ಮುಗಿಯುತ್ತಾರೆ. ಜತೆಗೆ ನುಡಿಸಲು ಯಾರೂ ಸಿಗುವುದಿಲ್ಲ. ಅವರ ಮನೆಯಲ್ಲಿ ಮದುವೆ ಅಂದರೆ ನಿಮಗೆ ಒಂದು ತಿಂಗಳು ರಜೆ. ಮತ್ತು ಒಬ್ಬೊಬ್ಬರೇ ಹೇಳಿಕೊಡುವವರಲ್ಲಿ ಒಂದು ಜಾತಿ ಇದೆ: ಬಂದು ಕೂತು "ಇವತ್ತು ಏನು ಮಾಡೋಣ?" ಅಂತ ನಿಮ್ಮನ್ನೇ ಕೇಳುವವರು. ಎರಡು ವಾರ ಸತತವಾಗಿ ಹೀಗೆ ಕೇಳಿದರೆ ಮೂರನೇ ವಾರ ಬೇರೆಯವರನ್ನು ಹುಡುಕಿ.

ಮನೆಗೇ ಬರುವ ಮೇಷ್ಟ್ರು ಸ್ವಲ್ಪ ದುಬಾರಿ. ಅವರ ಪೆಟ್ರೋಲು, ಟ್ರಾಫಿಕ್ಕು ಎಲ್ಲ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಪುಟ್ಟ ಮಕ್ಕಳಿರುವ, ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಅನುಕೂಲ. ಆದರೆ ನಾವಾಗಿ ಎದ್ದು ಹೋಗುವ ಕ್ಲಾಸಿಗೆ ಇರುವ ಗಂಭೀರತೆ ಬಾಗಿಲು ತಟ್ಟಿ ಬರುವ ಕ್ಲಾಸಿಗೆ ಇರುವುದಿಲ್ಲ. "ಇವತ್ತು ನೆಂಟರು ಬಂದಿದ್ದಾರೆ ಸರ್" ಅಂದುಬಿಡುತ್ತೇವೆ.

ಆನ್‌ಲೈನ್ ಕ್ಲಾಸು

ಯೂಟ್ಯೂಬ್ ಅಲ್ಲ, ಜೂಮಿನಲ್ಲಿ ನೇರ ಪಾಠ. ಊರಲ್ಲಿ ಮೇಷ್ಟ್ರು ಇಲ್ಲದವರಿಗೆ ಇದು ವರ. ಶಿರಸಿಯಲ್ಲೋ ಸಿಂಧನೂರಲ್ಲೋ ಇದ್ದುಕೊಂಡು ಬೆಂಗಳೂರಿನವರ ಹತ್ತಿರ ಕಲಿಯಬಹುದು. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಯ ಮಗಳು ಕಲಿಯುವುದು ಮೈಸೂರಿನ ಮೇಷ್ಟ್ರ ಹತ್ತಿರ. ಅಲ್ಲಿ ಶನಿವಾರ ರಾತ್ರಿ ಎಂಟು, ಇಲ್ಲಿ ಭಾನುವಾರ ಬೆಳಗ್ಗೆ ಎಂಟೂವರೆ. ನವೆಂಬರಿನಲ್ಲಿ ಅವರ ಗಡಿಯಾರ ಬದಲಾದಾಗ ಇಲ್ಲಿ ಒಂಬತ್ತೂವರೆ. ಪಾಠದ ಜತೆ ಒಂದಷ್ಟು ಕನ್ನಡವೂ ಕಿವಿಗೆ ಬೀಳುತ್ತದೆ ಅನ್ನುವುದು ತಂಗಿಯ ಲೆಕ್ಕ.

ಎರಡು ವಿಷಯ ಗೊತ್ತಿರಲಿ. ಮೇಷ್ಟ್ರ ಸದ್ದು ನಿಮಗೆ ತಲುಪಲು, ನಿಮ್ಮದು ಅವರಿಗೆ ತಲುಪಲು ಒಂದಿಷ್ಟು ತಡ ಆಗೇ ಆಗುತ್ತದೆ. ಹಾಗಾಗಿ ಇಬ್ಬರೂ ಒಟ್ಟಿಗೆ ನುಡಿಸಲು ಆಗುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು. ಎರಡನೇದು, ಜೂಮ್ ಮನುಷ್ಯರ ಮಾತಿಗೆ ಮಾಡಿದ್ದು. ನಿಮ್ಮ ಗಿಟಾರಿನ ಸದ್ದನ್ನು ಅದು ಫ್ಯಾನಿನ ಸದ್ದು ಅಂದುಕೊಂಡು ಅಳಿಸುತ್ತದೆ. ಸೆಟ್ಟಿಂಗಿನಲ್ಲಿ ಸಂಗೀತಗಾರರಿಗೆ ಅಂತಲೇ "ಒರಿಜಿನಲ್ ಸೌಂಡ್" ಅನ್ನುವುದಿದೆ, ಅದನ್ನು ಆನ್ ಮಾಡಿ. ನಿಮ್ಮ ಆನ್‌ಲೈನ್ ಮೇಷ್ಟ್ರು ಮೊದಲ ದಿನವೇ ಇದನ್ನು ಹೇಳಲಿಲ್ಲ ಅಂದರೆ ಅವರಿಗೆ ನಿಮ್ಮ ಗಿಟಾರ್ ಸರಿಯಾಗಿ ಕೇಳಿಸುತ್ತಿಲ್ಲ ಅಂತ ಅರ್ಥ. ಕ್ಯಾಮೆರಾ ಎಡಗೈ ಕಡೆ ಇರಲಿ. ಮುಖ ಕಾಣದಿದ್ದರೂ ನಡೆಯುತ್ತದೆ.

ಗ್ರೇಡ್ ಪರೀಕ್ಷೆ ಬೇಕಾ?

ಸ್ಕೂಲಿಗೆ ಹೋದರೆ ಮೊದಲ ಹತ್ತು ನಿಮಿಷದಲ್ಲಿ ಈ ಮಾತು ಬರುತ್ತದೆ: "ನಮ್ಮಲ್ಲಿ ಟ್ರಿನಿಟಿ ಗ್ರೇಡ್ ಮಾಡಿಸ್ತೀವಿ." ನಮ್ಮ ಜೂನಿಯರ್, ಸೀನಿಯರ್, ವಿದ್ವತ್ ಇದ್ದ ಹಾಗೆ ಇವು ಲಂಡನ್ನಿನ ಸಂಸ್ಥೆಗಳ ಪರೀಕ್ಷೆ. ಮುಖ್ಯವಾದವು ಮೂರು. ಎಬಿಆರ್‌ಎಸ್‌ಎಂ 1889ರದು, ಟ್ರಿನಿಟಿ 1872ರಲ್ಲಿ ಶುರುವಾದ ಕಾಲೇಜು, ರಾಕ್‌ಸ್ಕೂಲ್ 1991ರದು. ಮೂರರಲ್ಲೂ 8ನೇ ಗ್ರೇಡ್‌ವರೆಗೆ ಇದೆ. ವ್ಯತ್ಯಾಸ ಏನು ಅಂತ ಕೇಳಿದರೆ ಎಷ್ಟೋ ಸ್ಕೂಲಿನವರೇ ತಡವರಿಸುತ್ತಾರೆ.

ಎಬಿಆರ್‌ಎಸ್‌ಎಂನ ಗಿಟಾರ್ ಅಂದರೆ ಕ್ಲಾಸಿಕಲ್ ಗಿಟಾರ್, ನೈಲಾನ್ ತಂತಿ, ಬೆರಳಿನಿಂದ ನುಡಿಸುವುದು, ನೊಟೇಷನ್ ಓದಲೇಬೇಕು. 6ನೇ ಗ್ರೇಡಿಗೆ ಹೋಗಬೇಕಾದರೆ ಅದಕ್ಕೂ ಮುಂಚೆ 5ನೇ ಗ್ರೇಡಿನ ಥಿಯರಿಯನ್ನೋ ಅದಕ್ಕೆ ಸಮನಾದ ಇನ್ನೊಂದನ್ನೋ ಪಾಸಾಗಿರಬೇಕು. ಟ್ರಿನಿಟಿಯಲ್ಲಿ ಈ ಕಟ್ಟುಪಾಡು ಇಲ್ಲ. ಅಲ್ಲಿ ಕ್ಲಾಸಿಕಲ್ ಒಂದು ದಾರಿ, 2012ರಲ್ಲಿ ಬಂದ ರಾಕ್ ಅಂಡ್ ಪಾಪ್ ಇನ್ನೊಂದು ದಾರಿ. ಈ ಎರಡನೇದರಲ್ಲಿ ಮೂರು ಹಾಡು, ಬ್ಯಾಕಿಂಗ್ ಟ್ರ್ಯಾಕಿನ, ಅಂದರೆ ಮೊದಲೇ ರೆಕಾರ್ಡ್ ಮಾಡಿದ ಹಿನ್ನೆಲೆ ವಾದ್ಯಗಳ, ಜತೆ. 60 ಅಂಕಕ್ಕೆ ಪಾಸು, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ರಾಕ್‌ಸ್ಕೂಲ್, ಹೆಸರೇ ಹೇಳುವ ಹಾಗೆ, ರಾಕ್ ಕಡೆಯದು. ನಿಮ್ಮ ಮಗುವಿಗೆ ಬೇಕಿರುವುದು ಸಿನಿಮಾ ಹಾಡಾಗಿದ್ದು, ಸ್ಕೂಲು ಕ್ಲಾಸಿಕಲ್ ಗ್ರೇಡ್ ಹಿಡಿಸಿದರೆ, ಆರು ತಿಂಗಳಲ್ಲಿ ಮಗು ಹೊಟ್ಟೆನೋವು ಅನ್ನಲು ಶುರು ಮಾಡುತ್ತದೆ.

ಗ್ರೇಡಿನಿಂದ ಲಾಭ ಏನು? ಇಂಗ್ಲೆಂಡಿನ ಯೂನಿವರ್ಸಿಟಿಗೆ ಅರ್ಜಿ ಹಾಕುವವರಿಗೆ 6, 7, 8ನೇ ಗ್ರೇಡಿಗೆ ಪಾಯಿಂಟ್ ಸಿಗುತ್ತದೆ. ಸಿಇಟಿಗೆ ಸಿಗುವುದಿಲ್ಲ. ಮುಂದೆ ಸಂಗೀತ ಹೇಳಿಕೊಡುವ ಕೆಲಸ ಮಾಡುವವರಿಗೆ ಸರ್ಟಿಫಿಕೇಟ್ ಉಪಯೋಗ. ಅದು ಬಿಟ್ಟರೆ ಒಂದು ಗುರಿ, ಒಂದು ತಾರೀಖು ಇರುತ್ತದೆ. ಕೆಲವು ಮಕ್ಕಳಿಗೆ ಅದು ಬೇಕು. ನಷ್ಟ ಏನಂದರೆ ವರ್ಷಪೂರ್ತಿ ಆ ಮೂರೇ ಹಾಡು. ಪಕ್ಕದ ಮನೆ ಹುಡುಗಿ ಮೂರನೇ ಗ್ರೇಡ್ ಡಿಸ್ಟಿಂಕ್ಷನ್ನಲ್ಲಿ ಪಾಸಾದಳು. ಗಣೇಶನ ಹಬ್ಬಕ್ಕೆ ಅವಳ ಅಜ್ಜಿ "ಒಂದು ದೇವರನಾಮಕ್ಕೆ ನುಡಿಸೇ ಪುಟ್ಟಿ" ಅಂದರೆ ಅವಳಿಗೆ ಎಲ್ಲಿಂದ ಹಿಡಿಯಬೇಕು ಅಂತ ತಿಳಿಯಲಿಲ್ಲ. ಮಗುವಿನ ತಪ್ಪಲ್ಲ, ಕಿವಿಯಿಂದ ಕಾರ್ಡ್ ಹುಡುಕುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಮಟ್ಟಿಗೆ ಮೊದಲ ಎರಡು ವರ್ಷ ಗ್ರೇಡ್ ಬೇಡ. ಆಮೇಲೆ ಮಗುವೇ ಕೇಳಿದರೆ ಮಾಡಿಸಿ.

ಕರ್ನಾಟಕ ಸಂಗೀತವನ್ನೇ ಗಿಟಾರಿನಲ್ಲಿ ನುಡಿಸಬೇಕು ಅನ್ನುವವರಿಗೆ ಇದು ಯಾವುದೂ ಹೊಂದುವುದಿಲ್ಲ. ಫ್ರೆಟ್ಟಿನ ಮೇಲೆ ಗಮಕ ಬರಬೇಕಾದರೆ ತಂತಿಯನ್ನು ಎಳೆಯಬೇಕು, ಜಾರಿಸಬೇಕು. ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವ ಪ್ರಸನ್ನ ಅವರ ವಾದನ ಕೇಳಿ, ಆಗುತ್ತದೆ ಅಂತ ಗೊತ್ತಾಗುತ್ತದೆ. ಹಿಂದೂಸ್ತಾನಿಯಲ್ಲಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಕಡ್ಡಿ ಜಾರಿಸಿ ನುಡಿಸುವ ದಾರಿ ಬೇರೆಯೇ. ಬ್ರಿಜ್ ಭೂಷಣ್ ಕಾಬ್ರಾ ತೋರಿಸಿದ ದಾರಿ ಅದು. ವಿಶ್ವಮೋಹನ್ ಭಟ್ ಅದನ್ನು ಮೋಹನವೀಣೆ ಮಾಡಿ 1994ರಲ್ಲಿ ಗ್ರ್ಯಾಮಿವರೆಗೆ ಒಯ್ದರು. ಇಂಥದ್ದಕ್ಕೆ ಬಡಾವಣೆಯ ಅಕಾಡೆಮಿ ಸಾಲದು. ಮೊದಲು ಒಬ್ಬ ಹಾಡುಗಾರರ ಅಥವಾ ವೈಣಿಕರ ಹತ್ತಿರ ಸರಳೆ, ಜಂಟಿ ವರಸೆ ಆಗಲಿ. ಗಿಟಾರಿನ ಬೆರಳು ಆಮೇಲೆ.

ಯಾವ ಗಿಟಾರು?

ಎಲ್ಲಿ ಕಲಿಯುತ್ತೀರಿ ಅನ್ನುವುದು ಗೊತ್ತಾದ ಮೇಲೆ ಕೊಳ್ಳಿ. ನಾವು ಮಾಡುವುದು ಉಲ್ಟಾ.

ಸ್ಟೀಲ್ ತಂತಿಯ ಅಕೂಸ್ಟಿಕ್ಕಿನಲ್ಲಿ ಆರು ತಂತಿ ಸೇರಿ ಸುಮಾರು 70 ಕಿಲೋ ಎಳೆತ ಇರುತ್ತದೆ. ನೈಲಾನಿನ ಕ್ಲಾಸಿಕಲ್ಲಿನಲ್ಲಿ 40 ಕಿಲೋದ ಆಸುಪಾಸು. ಮಕ್ಕಳ ಬೆರಳಿಗೆ ನೈಲಾನ್ ಯಾಕೆ ಅನ್ನುವುದಕ್ಕೆ ಬೇರೆ ಕಾರಣ ಬೇಡ. ಆದರೆ ಕ್ಲಾಸಿಕಲ್ ಗಿಟಾರಿನ ನೆಕ್ಕು ಅಗಲ, ಮೇಲ್ತುದಿಯಲ್ಲಿ 52 ಮಿಲಿಮೀಟರ್. ಸ್ಟೀಲಿನದು 43ರ ಹತ್ತಿರ. ಹಾಗಾಗಿ ಪೂರ್ತಿ ಸೈಜಿನ ಕ್ಲಾಸಿಕಲ್ಲನ್ನು ಎಂಟು ವರ್ಷದ ಮಗುವಿಗೆ ಕೊಟ್ಟರೆ ಕೈ ಸುತ್ತುವುದಿಲ್ಲ. ಅರ್ಧ, ಮುಕ್ಕಾಲು ಸೈಜುಗಳು ಇರುವುದೇ ಇದಕ್ಕೆ. "ಬೆಳೆದ ಮೇಲೂ ಆಗಲಿ" ಅಂತ ಶೂ ತಗೊಂಡ ಹಾಗೆ ದೊಡ್ಡದು ತರಬೇಡಿ. ಹಾಡಿಗೆ ಸ್ಟ್ರಮ್ ಮಾಡಬೇಕು, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಮೀಟಬೇಕು, ಅನ್ನುವ ದೊಡ್ಡವರಿಗೆ ಸ್ಟೀಲು. ಎಲೆಕ್ಟ್ರಿಕ್ ತಂತಿ ಇನ್ನೂ ಮೆತ್ತಗೆ, ಒತ್ತಲು ಎಲ್ಲಕ್ಕಿಂತ ಸುಲಭ. ಆದರೆ ಆಂಪ್ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ), ಕೇಬಲ್ ಅಂತ ಖರ್ಚು ಜಾಸ್ತಿ. ಅಪಾರ್ಟ್‌ಮೆಂಟಿನವರಿಗೆ ಒಂದು ಗುಟ್ಟು: ಹೆಡ್‌ಫೋನ್ ಹಾಕಿ ನುಡಿಸಿದರೆ ಎಲ್ಲಕ್ಕಿಂತ ಕಡಿಮೆ ಸದ್ದು ಮಾಡುವುದು ಈ ಎಲೆಕ್ಟ್ರಿಕ್ಕೇ. ನಮ್ಮ ಅತ್ತೆ ನನ್ನ ಗಿಟಾರಿಗೆ "ಅದೇನು ಕರಕರ" ಅನ್ನುವುದನ್ನು ಕೇಳಿ ಕೇಳಿ ಈ ಬುದ್ಧಿ ಬಂತು.

ಮೂರು ಸಾವಿರಕ್ಕೆ ಆನ್‌ಲೈನಿನಲ್ಲಿ ಬ್ಯಾಗು, ಪಿಕ್ಕು, ಬೆಲ್ಟು ಎಲ್ಲ ಸೇರಿ ಬರುವ ಗಿಟಾರ್ ನೋಡಲು ಚೆಂದ. ನನ್ನ ಮೊದಲನೇದು ಅದೇ. ಅಂಗಡಿಗೆ ಹೋಗಿ ನೋಡಿ ತಂದರೆ ಏನು ಲಾಭ ಅಂತ ಎರಡನೇ ಸಲ ಗೊತ್ತಾಯಿತು. ಅಂಗಡಿಯ ಹುಡುಗ 12ನೇ ಫ್ರೆಟ್ಟಿನ ಹತ್ತಿರ ಒಂದು ಸ್ಟೀಲ್ ಸ್ಕೇಲ್ ನಿಲ್ಲಿಸಿ ತಂತಿಗೂ ಫ್ರೆಟ್ಟಿಗೂ ಇರುವ ಸಂದು ತೋರಿಸಿದ. ಎರಡರಿಂದ ಎರಡೂವರೆ ಮಿಲಿಮೀಟರ್ ಇದ್ದರೆ ಸ್ಟೀಲ್ ಗಿಟಾರಿಗೆ ಸರಿ. ಮನೆಗೆ ಬಂದು ನನ್ನ ಹಳೇದನ್ನು ಅಳೆದೆ. ನಾಲ್ಕರ ಮೇಲೆ ಇತ್ತು. ಎಂಟು ತಿಂಗಳು ನಾನು ಒತ್ತಿದ್ದು ತಂತಿಯನ್ನಲ್ಲ, ಆ ಸಂದನ್ನು. ಯಮಹಾದ ಎಫ್ ಸರಣಿಯ ಸಾದಾ ಗಿಟಾರುಗಳು, ನೈಲಾನ್ ಬೇಕಾದವರಿಗೆ ಅವರದೇ ಸಿ40, ಹತ್ತು ಸಾವಿರದ ಆಚೀಚೆ ಸಿಗುತ್ತವೆ. ಸ್ಕೂಲಿನವರೇ ಗಿಟಾರ್ ಮಾರಿದರೆ ಅದೇ ಮಾಡೆಲ್ಲಿನ ಬೆಲೆ ಹೊರಗೆ ವಿಚಾರಿಸಿಯೇ ಕೊಳ್ಳಿ. ಹಳೇದಾದರೆ ಮೇಷ್ಟ್ರನ್ನು ಕರೆದುಕೊಂಡು ಹೋಗಿ. ಕಾಫಿ ಕೊಡಿಸಿದರೆ ಬರುತ್ತಾರೆ.

ಡೆಮೋ ಕ್ಲಾಸಲ್ಲಿ ಏನು ನೋಡಬೇಕು

ಬಹುತೇಕ ಎಲ್ಲ ಕಡೆ ಒಂದು ಡೆಮೋ ಕ್ಲಾಸ್ ಪುಕ್ಕಟೆ. ಮೇಷ್ಟ್ರು ಎಷ್ಟು ಚೆನ್ನಾಗಿ ನುಡಿಸುತ್ತಾರೆ ಅಂತ ನೋಡಲು ಹೋಗಬೇಡಿ. ಡೆಮೋದಲ್ಲಿ ಎಲ್ಲರೂ ಚೆನ್ನಾಗಿ ನುಡಿಸುತ್ತಾರೆ, ಅವತ್ತಿಗೆ ಅಂತಲೇ ಒಂದು ಇಟ್ಟುಕೊಂಡಿರುತ್ತಾರೆ. ಅರ್ಧ ಗಂಟೆಯಲ್ಲಿ ಗಿಟಾರ್ ಎಷ್ಟು ಹೊತ್ತು ನಿಮ್ಮ ಕೈಯಲ್ಲಿ ಇತ್ತು, ಎಷ್ಟು ಹೊತ್ತು ಅವರ ಕೈಯಲ್ಲಿ ಇತ್ತು ಅಂತ ನೋಡಿ. ಶ್ರುತಿಯನ್ನು ತಾವೇ ಮಾಡಿಕೊಟ್ಟರಾ, ಇಲ್ಲ ಕಿವಿ ಹೇಗೆ ತಿರುಗಿಸಬೇಕು ಅಂತ ನಿಮ್ಮ ಕೈಯಿಂದ ಮಾಡಿಸಿದರಾ ನೋಡಿ. (ಗಿಟಾರಿಗೂ ಕಿವಿ ಅಂತಲೇ ನಮ್ಮ ಸರ್ ಅನ್ನುವುದು, ಟ್ಯೂನಿಂಗ್ ಪೆಗ್ ಅನ್ನುವುದಿಲ್ಲ.) ನಿಮಗೆ ಯಾವ ಹಾಡು ಇಷ್ಟ ಅಂತ ಕೇಳಿದರಾ? ಒಂದು ತಪ್ಪು ಬೇಕಂತಲೇ ಮಾಡಿ, ಹೆಬ್ಬೆರಳನ್ನು ಮೇಲಕ್ಕೆ ಎತ್ತಿ. ಕಂಡುಹಿಡಿದರಾ?

ಏಳುವಾಗ ಒಂದೇ ಮಾತು ಕೇಳಿ: "ಸರ್, ಮುಂದಿನ ವಾರದವರೆಗೆ ಮನೆಯಲ್ಲಿ ಏನು ಮಾಡಲಿ?" "ಪ್ರಾಕ್ಟೀಸ್ ಮಾಡಿ" ಅಂದರೆ ಥ್ಯಾಂಕ್ಸ್ ಹೇಳಿ ಬನ್ನಿ. ಪೆನ್ನು ಹುಡುಕಲು ಶುರು ಮಾಡಿದರೆ ಅಲ್ಲೇ ಸೇರಿಕೊಳ್ಳಿ, ಒಂದು ತಿಂಗಳ ಫೀಸು ಮಾತ್ರ ಕಟ್ಟಿ.